ಇದ್ದಿಲಿಗೆ ಗೊಬ್ಬರ ಉಣಿಸಿದವರು

ಅಮೆಜಾನ್ ಕಾಡು ಎಷ್ಟೇ ಹಸಿರಾಗಿ ಕಂಡರೂ ಅದರ ನೆಲದಲ್ಲಿ ಸತ್ವ ಕಡಿಮೆ. ಜಡಿಮಳೆ ಸಾರವನ್ನೆಲ್ಲ ತೊಳೆದು ಹುಳಿಯಾದ ಕೆಂಪು, ಹಳದಿ ಮಣ್ಣನ್ನಷ್ಟೇ ಉಳಿಸುತ್ತದೆ. ಕಾಡು ಕಡಿದು ಬಿತ್ತಿದವರಿಗೆ ಎರಡು ಮೂರು ಬೆಳೆ ದಕ್ಕಿದರೆ ಹೆಚ್ಚು. ಅಂಥ ನೆಲದ ನಡುವೆ, ಹೆಚ್ಚಾಗಿ ನದಿದಂಡೆಯ ದಿಬ್ಬಗಳ ಮೇಲೆ, ಕಾಡಿಗೆಯಷ್ಟು ಕಪ್ಪಾದ, ಸತ್ವವುಳ್ಳ ಮಣ್ಣು ಅಲ್ಲಲ್ಲಿ ಸಿಗುತ್ತದೆ. ಕೆಲವೆಡೆ ಎರಡು ಮೀಟರ್ ಆಳದವರೆಗೂ ಇದೆ. ಅಗೆದರೆ ಇದ್ದಿಲು, ಮಡಕೆಚೂರು, ಮೀನಿನ ಮುಳ್ಳು. ಬ್ರೆಜಿಲ್‌ನವರು ಇದನ್ನು ‘ತೆರ್ರಾ ಪ್ರೆತಾ’, ಅಂದರೆ ಕರಿಮಣ್ಣು ಎನ್ನುತ್ತಾರೆ.

ಅದು ತಾನಾಗಿ ಹುಟ್ಟಿದ ಮಣ್ಣಲ್ಲ. ಯುರೋಪಿನವರು ಕಾಲಿಡುವ ಮೊದಲು ಸುಮಾರು ಎರಡು ಸಾವಿರ ವರ್ಷ ಅಲ್ಲಿ ಊರು ಕಟ್ಟಿಕೊಂಡಿದ್ದ ಮೂಲನಿವಾಸಿಗಳ ಒಲೆ, ತಿಪ್ಪೆ, ಹಿತ್ತಿಲುಗಳಿಂದ ಆದದ್ದು. 1542ರಲ್ಲಿ ಸ್ಪೇನಿನ ಒರೆಯಾನಾ ನದಿಗುಂಟ ಸಾಗಿದಾಗ ದಂಡೆಯುದ್ದಕ್ಕೂ ದೊಡ್ಡ ಊರುಗಳಿದ್ದವೆಂದು ಜೊತೆಗಿದ್ದ ಪಾದ್ರಿ ಬರೆದಿಟ್ಟ. ಆಮೇಲೆ ಹೋದವರಿಗೆ ಕಂಡದ್ದು ಕಾಡು ಮಾತ್ರ. ಹೊರಗಿನಿಂದ ಬಂದ ರೋಗಗಳು ಊರುಗಳನ್ನೇ ನುಂಗಿದ್ದವು. ಪಾದ್ರಿಯ ಮಾತು ಕಟ್ಟುಕಥೆ ಎನಿಸಿಕೊಂಡಿತು. ಆ ಜನರ ಪರವಾಗಿ ಸಾಕ್ಷಿ ಹೇಳಲು ಉಳಿದದ್ದು ಅವರ ಮಣ್ಣು.

ಆ ಸಾಕ್ಷಿಯನ್ನು ಮನಸ್ಸಿಟ್ಟು ಕೇಳಿದವರು ನೆದರ್ಲೆಂಡ್ಸ್‌ನ ಮಣ್ಣುವಿಜ್ಞಾನಿ ವಿಮ್ ಸೋಂಬ್ರೂಕ್. 1944-45ರ ಚಳಿಗಾಲದಲ್ಲಿ ಯುದ್ಧದಿಂದ ಆ ದೇಶ ಹಸಿವಿನಲ್ಲಿ ಬೆಂದಾಗ ಅವರಿನ್ನೂ ಹುಡುಗ. ತಲೆಮಾರುಗಳಿಂದ ಗೊಬ್ಬರ, ಬೂದಿ ಹಾಕಿ ಕಪ್ಪಾಗಿಸಿದ್ದ ತುಂಡು ಹೊಲ ಅವರ ಮನೆಯವರನ್ನು ಬದುಕಿಸಿತ್ತು. ದೊಡ್ಡವರಾಗಿ ಅಮೆಜಾನಿಗೆ ಹೋದಾಗ ಅಲ್ಲಿನ ಕರಿಮಣ್ಣಿನಲ್ಲಿ ಅದರದೇ ಗುರುತು ಹಿಡಿದು 1966ರಲ್ಲಿ ವಿವರವಾಗಿ ಬರೆದರು. ಅಂಥ ಮಣ್ಣನ್ನು ಮತ್ತೆ ಹೊಸದಾಗಿ ಮಾಡಬೇಕೆಂಬ ಹಂಬಲವನ್ನು 2003ರಲ್ಲಿ ತೀರಿಕೊಳ್ಳುವವರೆಗೂ ಅವರು ಬಿಡಲಿಲ್ಲ.

ಅಷ್ಟರಲ್ಲಿ ಜಗತ್ತಿನ ಬೇಸಾಯ ಬೇರೆ ದಾರಿ ಹಿಡಿದಾಗಿತ್ತು. 1913ರಲ್ಲಿ ಜರ್ಮನಿಯ ಓಪೌದಲ್ಲಿ ಗಾಳಿಯ ಸಾರಜನಕದಿಂದ ಅಮೋನಿಯಾ ತಯಾರಿಸುವ ಕಾರ್ಖಾನೆ ಶುರುವಾಯಿತು. ನಮ್ಮ ಯೂರಿಯಾ ಚೀಲದ ಮೂಲ ಅಲ್ಲಿದೆ. ಅದು ಕೋಟ್ಯಂತರ ಜನರ ಹೊಟ್ಟೆ ತುಂಬಿಸಿದೆ, ಅದನ್ನು ಹಳಿಯುವುದು ಸಲ್ಲ. ಆದರೆ ಹೊಲಕ್ಕೆ ಬಿದ್ದ ಸಾರಜನಕದಲ್ಲಿ ಸುಮಾರು ನೂರರಲ್ಲೊಂದು ಪಾಲು ನೈಟ್ರಸ್ ಆಕ್ಸೈಡ್ ಆಗಿ ಗಾಳಿಗೆ ಸೇರುತ್ತದೆ. ಭೂಮಿಯನ್ನು ಕಾಯಿಸುವುದರಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ 273 ಪಟ್ಟು ಗಟ್ಟಿ. ಲೆಕ್ಕ ಹಾಕಿದರೆ 45 ಕಿಲೋದ ಒಂದು ಚೀಲ ಯೂರಿಯಾದಿಂದ, ಹೊಲದಲ್ಲೇ, 90 ಕಿಲೋದಷ್ಟು ಇಂಗಾಲದ ಡೈಆಕ್ಸೈಡ್‌ಗೆ ಸಮನಾದ ಹಾನಿ.

ಎರಡು ದಾರಿಗಳು ಕೂಡಿದ್ದು ಪ್ರಯೋಗದ ತಾಕುಗಳಲ್ಲಿ. ಬ್ರೆಜಿಲ್‌ನ ಮನಾಸ್ ಹತ್ತಿರ ಹೆಕ್ಟೇರಿಗೆ 11 ಟನ್ ಇದ್ದಿಲು ಸೇರಿಸಿ ಭತ್ತ, ಜೋಳ ಬೆಳೆದು ನೋಡಿದರು. 2007ರಲ್ಲಿ ಪ್ರಕಟವಾದ ಫಲಿತಾಂಶ ನನಗೆ ಮುಖ್ಯವಾಗಿ ಕಾಣುತ್ತದೆ: ಬರೀ ರಸಗೊಬ್ಬರ ಕೊಟ್ಟ ತಾಕಿಗಿಂತ ಇದ್ದಿಲು, ರಸಗೊಬ್ಬರ ಎರಡನ್ನೂ ಕೊಟ್ಟ ತಾಕಿನಲ್ಲಿ ಕಾಳು ಇಮ್ಮಡಿಯಾಯಿತು. ನಾಲ್ಕು ಬೆಳೆಯ ಒಟ್ಟು ಇಳುವರಿಯಲ್ಲಿ ಎಲ್ಲಕ್ಕಿಂತ ಮೇಲೆ ನಿಂತದ್ದು ಕೋಳಿಗೊಬ್ಬರ. ಇದ್ದಿಲೇ ಗೊಬ್ಬರವೆಂದು ಮಾರುವವರು ಈ ಮಾತನ್ನು ಮುಚ್ಚಿಡಬಾರದು. ಇದ್ದಿಲಿನ ಒಡಲೆಲ್ಲ ಸಣ್ಣ ಸಣ್ಣ ತೂತು. ಗೊಬ್ಬರ ಅಲ್ಲಿ ಸಿಕ್ಕಿಕೊಂಡು ನಿಧಾನವಾಗಿ ಬೇರಿಗೆ ದಕ್ಕುತ್ತದೆ, ಮಳೆಗೆ ತೊಳೆದುಹೋಗುವುದು ತಗ್ಗುತ್ತದೆ. ಹಸಿದ ಇದ್ದಿಲನ್ನು ಹಾಗೇ ಹಾಕಿದರೆ ಅದೇ ಮಣ್ಣಿನ ಸಾರಜನಕವನ್ನು ಹೀರಿಕೊಂಡು ಬೆಳೆ ಹಳದಿಯಾಗುವುದೂ ಉಂಟು. ನೇಪಾಳದಲ್ಲಿ ಇದ್ದಿಲಿಗೆ ಮೊದಲೇ ದನದ ಗಂಜಲ ಕುಡಿಸಿ, ಹೆಕ್ಟೇರಿಗೆ 750 ಕಿಲೋದಷ್ಟನ್ನು ಮಾತ್ರ ಕುಂಬಳದ ಬುಡಕ್ಕೆ ಕೊಟ್ಟರು. ಬರೀ ಗಂಜಲ ಕೊಟ್ಟಾಗಿನದಕ್ಕಿಂತ ಇಳುವರಿ ನಾಲ್ಕು ಪಟ್ಟಾಯಿತೆಂದು 2015ರಲ್ಲಿ ವರದಿಯಾಯಿತು.

ಗಾಳಿಯ ಲೆಕ್ಕ ಎರಡು ಬಗೆಯದು. ಕೊಳೆತರೆ ಕೆಲವೇ ವರ್ಷಗಳಲ್ಲಿ ಆಕಾಶಕ್ಕೆ ಹೋಗುತ್ತಿದ್ದ ಇಂಗಾಲ ಇದ್ದಿಲಾಗಿ ನೂರಾರು ವರ್ಷ ಮಣ್ಣಿನಲ್ಲೇ ಕೂರುತ್ತದೆ. ಇದು ಗಟ್ಟಿ ಲಾಭ. ನೈಟ್ರಸ್ ಆಕ್ಸೈಡ್ ಕೂಡ ಸರಾಸರಿ ಶೇಕಡಾ 38ರಷ್ಟು ತಗ್ಗುತ್ತದೆಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2019ರ ವಿಶ್ಲೇಷಣೆ ಹೇಳಿತು. ಆದರೆ ವರ್ಷ ಕಳೆದರೆ ಆ ಗುಣ ಬಹುಮಟ್ಟಿಗೆ ಮಾಯ.

ಮಣ್ಣೂ ಎಲ್ಲೆಡೆ ಒಂದೇ ಅಲ್ಲ. ಉಷ್ಣವಲಯದಲ್ಲಿ ಇಳುವರಿ ಸರಾಸರಿ ಕಾಲು ಪಾಲು ಏರಿದರೆ, ತಂಪು ದೇಶಗಳ ಫಲವತ್ತಾದ ನೆಲದಲ್ಲಿ ಏನೂ ಏರಿಲ್ಲ. ಇದ್ದಿಲು ಸಾಮಾನ್ಯವಾಗಿ ಕ್ಷಾರೀಯ. ನಮ್ಮ ಕರಾವಳಿ, ಮಲೆನಾಡಿನ ಹುಳಿಮಣ್ಣಿಗೆ ಅದು ಒಗ್ಗೀತು. ಮೊದಲೇ ಕ್ಷಾರೀಯವಾದ ಬಯಲುಸೀಮೆಯ ಎರೆಹೊಲಕ್ಕೆ ಅದೇ ಫಲ ನಿರೀಕ್ಷಿಸಲಾಗದು.

ಕರಾವಳಿಯವರಿಗೆ ಇದು ಪೂರ್ತಿ ಹೊಸತೇನಲ್ಲ. ತರಗೆಲೆ, ಕಸಕಡ್ಡಿ ಪೇರಿಸಿ, ಮೇಲೆ ಮಣ್ಣು ಮುಚ್ಚಿ ದಿನಗಟ್ಟಲೆ ಹೊಗೆಯಾಡಿಸಿ ತೆಗೆಯುವ ಸುಡುಮಣ್ಣು ತರಕಾರಿ ಬಳ್ಳಿಗೂ ಮಲ್ಲಿಗೆ ಗಿಡಕ್ಕೂ ಹೋಗುತ್ತಿತ್ತು. ಅದರಲ್ಲಿ ಬೂದಿ ಹೆಚ್ಚು, ಇದ್ದಿಲು ಕಡಿಮೆ. ಹೊಗೆಯ ಜೊತೆ ಮೀಥೇನ್ ಕೂಡ ಏಳುತ್ತದೆ. ಈಗ ಹಲವೆಡೆ ಬಳಕೆಯಲ್ಲಿರುವುದು ಲಾಳಿಕೆಯಾಕಾರದ ಗುಂಡಿ. ಒಣಗಿದ ಕಡ್ಡಿಯನ್ನು ಮೇಲಿನಿಂದ ಹೊತ್ತಿಸಿ, ಉರಿ ಆರದಂತೆ ಪದರ ಪದರವಾಗಿ ಒಟ್ಟುತ್ತಾ ಹೋದರೆ ಹೊಗೆ ಆ ಉರಿಯಲ್ಲೇ ಸುಟ್ಟುಹೋಗುತ್ತದೆ. ಬೂದಿ ಕಟ್ಟುವ ಮೊದಲೇ ನೀರು ಸುರಿದು ಆರಿಸಬೇಕು. ಸುಗ್ಗಿ ಮುಗಿದ ಮೇಲೆ ಬದುವಿನಲ್ಲಿ ಸುಟ್ಟು ಬೂದಿಯಾಗುವ ತೊಗರಿಕಟ್ಟಿಗೆ, ಹತ್ತಿಕಟ್ಟಿಗೆ ಇದಕ್ಕೆ ಸಾಕು. ಆರಿಸುವ ನೀರಿಗೆ ಗಂಜಲವನ್ನೋ ಸಗಣಿ ಬಗ್ಗಡವನ್ನೋ ಬೆರೆಸಿದರೆ ಇದ್ದಿಲು ಗುಂಡಿಯಲ್ಲೇ ಉಂಡು ಹೊಲಕ್ಕೆ ಬರುತ್ತದೆ.