ಸ್ನೋಬರ್ಡ್ ಅಂದರೆ ಯಾರು?

ಕೆನಡಾದ ಕ್ಯಾಲ್ಗರಿಗೆ ಬಂದ ಮೊದಲ ವರ್ಷ, ನವೆಂಬರ್ ಶುರುವಿನಲ್ಲಿ ಎದುರು ಮನೆಯ ಹಿರಿಯ ದಂಪತಿ ನಮ್ಮ ಬಾಗಿಲು ತಟ್ಟಿದರು. ಕೈಯಲ್ಲಿ ಮನೆ ಕೀಲಿ. "ನಾವು ಸ್ನೋಬರ್ಡ್ಸ್. ಮಾರ್ಚ್ ಕೊನೆವರೆಗೂ ಇರೋದಿಲ್ಲ. ವಾರಕ್ಕೊಂದು ಸಲ ಒಳಗೆ ಹೋಗಿ, ನಲ್ಲಿ ಪೈಪು ಒಡೆದಿಲ್ಲ ತಾನೇ ಅಂತ ನೋಡ್ತೀರಾ?" ಅಂದರು. ಆ ಪದ ನಾನು ಕೇಳಿದ್ದು ಅದೇ ಮೊದಲು. ಅವತ್ತಿನಿಂದ ಐದು ಚಳಿಗಾಲ ಆ ಮನೆಯ ಕೀಲಿ ನಮ್ಮ ಮನೆಯ ಮೊಳೆಗೇ ನೇತಾಡಿತು. ನಮ್ಮ ಮಕ್ಕಳು ಅವರನ್ನು ಅಜ್ಜ, ಅಜ್ಜಿ ಅಂತಲೇ ಕರೆಯುತ್ತಾರೆ. ನಾನೂ ಇಲ್ಲಿ ಹಾಗೇ ಕರೆಯುತ್ತೇನೆ. ಆರನೆಯ ವರ್ಷ ಅವರು "ಈ ಸಲ ನೀವೂ ಬನ್ನಿ" ಅಂದರು. ಜನವರಿಯಲ್ಲಿ ಒಂದು ವಾರ ಅಮೆರಿಕದ ಅರಿಜೋನಾ ರಾಜ್ಯದ ಮರುಭೂಮಿಯಲ್ಲಿ ಅವರ ಜೊತೆ ಇದ್ದು ಬಂದೆವು. ಈ ಪದ ನನಗೆ ಸರಿಯಾಗಿ ಅರ್ಥವಾಗಿದ್ದು ಅಲ್ಲಿ.

ಚಳಿ, ಹಿಮ ಜಾಸ್ತಿ ಇರುವ ಕೆನಡಾದಿಂದಲೋ ಅಮೆರಿಕದ ಉತ್ತರದ ರಾಜ್ಯಗಳಿಂದಲೋ ಪ್ರತಿ ಚಳಿಗಾಲ ಬೆಚ್ಚಗಿನ ದಕ್ಷಿಣಕ್ಕೆ ಹೋಗಿ, ಹಿಮ ಕರಗುವ ಹೊತ್ತಿಗೆ ವಾಪಸ್ ಬರುವವರು ಸ್ನೋಬರ್ಡ್‌ಗಳು. ಹೆಚ್ಚಿನವರು ಕೆಲಸದಿಂದ ನಿವೃತ್ತರಾದವರು. ಕೆಲವರು ಫ್ಲಾರಿಡಾಗೆ ಹೋಗುತ್ತಾರೆ, ಕೆಲವರು ಅರಿಜೋನಾಕ್ಕೆ. ಟೆಕ್ಸಾಸಿನ ದಕ್ಷಿಣ ತುದಿಗೆ ಬರುವವರನ್ನು ಅಲ್ಲಿಯವರು 'ವಿಂಟರ್ ಟೆಕ್ಸನ್' ಅನ್ನುತ್ತಾರೆ. ಆಸ್ಟ್ರೇಲಿಯಾದಲ್ಲಿ ಮಲಗಲು, ಅಡುಗೆ ಮಾಡಲು ಒಳಗೇ ಜಾಗ ಇರುವ ಗಾಡಿ ಕಟ್ಟಿಕೊಂಡು ದೇಶ ಸುತ್ತುವ ಹಿರಿಯರಿಗೆ 'ಗ್ರೇ ನೋಮ್ಯಾಡ್' ಅಂತ ಹೆಸರು.

ಈ ಹೆಸರಿಗೆ ಮೂಲ ನಿಜವಾದ ಒಂದು ಹಕ್ಕಿ. ಜುಂಕೊ ಅಂತ, ಗುಬ್ಬಿಯಷ್ಟೇ ದೊಡ್ಡದು. ಬೆನ್ನು ಬೂದಿ ಬಣ್ಣ, ಹೊಟ್ಟೆ ಬಿಳಿ. ಬೇಸಿಗೆಯಲ್ಲಿ ಕೆನಡಾದ ಕಾಡುಗಳಲ್ಲಿ ಮರಿ ಮಾಡುತ್ತದೆ, ಚಳಿಗಾಲಕ್ಕೆ ಕೆಳಗಿಳಿದು ಅಮೆರಿಕದ ಹಿತ್ತಿಲುಗಳಲ್ಲಿ ಕಾಳು ಹೆಕ್ಕುತ್ತದೆ. 1758ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಇದಕ್ಕೆ ಕೊಟ್ಟ ಶಾಸ್ತ್ರೀಯ ಹೆಸರಿನಲ್ಲೇ 'ಚಳಿಗಾಲದ್ದು' ಅನ್ನುವ ಅರ್ಥದ ಲ್ಯಾಟಿನ್ ಪದವಿದೆ. ಈ ಹಕ್ಕಿ ಹಿತ್ತಿಲಿಗೆ ಬಂತು ಅಂದರೆ ಹಿಮ ಬೀಳುವ ದಿನ ಬಂತು ಅಂತ. ಅದಕ್ಕೇ ಅದು ಸ್ನೋಬರ್ಡ್. ಹಕ್ಕಿಯ ಹೆಸರು ಹಿಮವನ್ನು ಕರೆತರುವವರದ್ದು, ಅದೇ ಹೆಸರು ಹೊತ್ತ ಮನುಷ್ಯರು ಹಿಮ ಬಿಟ್ಟು ಹೋಗುವವರು. ಒಂದೇ ಪದ ಉತ್ತರದಿಂದ ನೋಡಿದರೆ ಒಂದು ಥರ, ದಕ್ಷಿಣದಿಂದ ನೋಡಿದರೆ ಇನ್ನೊಂದು ಥರ.

ಹಕ್ಕಿಯಿಂದ ಮನುಷ್ಯರಿಗೆ ಬಂದಾಗ ಈ ಹೆಸರು ಮೊದಲು ಅಂಟಿದ್ದು ಪಿಂಚಣಿದಾರರಿಗಲ್ಲ. 20ನೇ ಶತಮಾನದ ಶುರುವಿನಲ್ಲಿ ಅಮೆರಿಕದ ಸೇನೆಯಲ್ಲಿ ಒಂದು ಬಗೆಯ ಸಿಪಾಯಿಗಳಿದ್ದರು. ಚಳಿ ಶುರುವಾಗುವಾಗ ಸೇನೆ ಸೇರುತ್ತಿದ್ದರು, ಊಟ ಮತ್ತು ಬೆಚ್ಚಗಿನ ಹಾಸಿಗೆ ಸಿಗುತ್ತದೆ ಅಂತ. ವಸಂತ ಬಂದ ಕೂಡಲೇ ಓಡಿಹೋಗುತ್ತಿದ್ದರು. ಅವರನ್ನು ಸ್ನೋಬರ್ಡ್ ಅಂತಿದ್ದರು. 1920ರ ದಶಕಕ್ಕೆ ಬಂದರೆ, ಚಳಿಗಾಲದಲ್ಲಿ ಕೂಲಿ ಹುಡುಕಿಕೊಂಡು ದಕ್ಷಿಣಕ್ಕೆ ಇಳಿಯುವ ಉತ್ತರದ ಕೆಲಸಗಾರರಿಗೆ ಅದೇ ಹೆಸರು. ಅಂದರೆ ಇದು ಹೊಟ್ಟೆಪಾಡಿನವರ ಹೆಸರಾಗಿತ್ತು. ಪಿಂಚಣಿ, ಅಗಲವಾದ ಹೆದ್ದಾರಿಗಳು, ಮನೆಯನ್ನೇ ಎಳೆದುಕೊಂಡು ಹೋಗುವ ಗಾಡಿಗಳು ಇವೆಲ್ಲ ಬಂದ ಮೇಲೆ ಅದು ಬಿಡುವು ಇರುವವರ ಹೆಸರಾಯಿತು. ಪದದ ಈ ಹಳೆಯ ಅರ್ಥ ನನ್ನ ಮನಸ್ಸಿನಿಂದ ಹೋಗಲೇ ಇಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನಾವು ಹೋದ ಊರು ಕ್ವಾರ್ಟ್ಸೈಟ್. ಪೂರ್ವ-ಪಶ್ಚಿಮದ ಐ-10 ಹೆದ್ದಾರಿಯೂ ಉತ್ತರ-ದಕ್ಷಿಣದ 95ನೇ ಹೆದ್ದಾರಿಯೂ ಸೇರುವ ಕಡೆ ಇರುವ ಚಿಕ್ಕ ಊರು. 2020ರ ಜನಗಣತಿಯಲ್ಲಿ ಎರಡೂವರೆ ಸಾವಿರಕ್ಕಿಂತ ಕಡಿಮೆ ಜನ. ಬೇಸಿಗೆಯಲ್ಲಿ ಬಿಸಿಲು 45 ಡಿಗ್ರಿ ದಾಟುತ್ತದೆ, ಆಗ ಊರು ಖಾಲಿ. ಜನವರಿಯಲ್ಲಿ ಹಗಲು 20 ಡಿಗ್ರಿ ಆಸುಪಾಸು, ನಮ್ಮ ಗದಗಿನ ಚಳಿಗಾಲದ ಬೆಳಗಿನ ಹಾಗೆ. ಆಗ ಊರ ಹೊರಗಿನ ಬಯಲಿನ ತುಂಬಾ ಬಿಳಿ ಗಾಡಿಗಳು. ನಾವು ಮುಟ್ಟಿದ್ದು ಸಂಜೆ. ದೂರದಿಂದ ನೋಡಿದರೆ ಎಲ್ಲಮ್ಮನ ಗುಡ್ಡದ ಜಾತ್ರೆಗೆ ಬಂದ ಬಂಡಿಗಳನ್ನು ಬಿಟ್ಟ ಬಯಲು ಕಂಡ ಹಾಗಾಯಿತು.

ಈ ಬಯಲು ಸರ್ಕಾರದ್ದು. ಅಮೆರಿಕದ ಕೇಂದ್ರ ಸರ್ಕಾರದ ಭೂ ನಿರ್ವಹಣಾ ಇಲಾಖೆ 1983ರಲ್ಲಿ ಇಂಥ ಜಾಗಗಳನ್ನು ಗುರುತಿಸಿ, ಚಳಿಗಾಲವಿಡೀ ಬಿಡಾರ ಹೂಡಲು ಬಿಟ್ಟಿತು. ಅಜ್ಜ-ಅಜ್ಜಿ ಇರುವುದು ಲಾ ಪೋಸಾ ಅನ್ನುವ ಭಾಗದಲ್ಲಿ. ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ, ಏಳು ತಿಂಗಳಿಗೆ ಅವರು ಕಟ್ಟಿದ್ದು 180 ಡಾಲರ್. 14 ದಿನಕ್ಕೆ ಸಾಕು ಅನ್ನುವವರಿಗೆ ಆಗ 40 ಇತ್ತು. ಆ ದುಡ್ಡಿಗೆ ಕುಡಿಯುವ ನೀರು ಹಿಡಿದುಕೊಳ್ಳಲು ಒಂದು ಜಾಗ, ಹೊಲಸು ನೀರು ಖಾಲಿ ಮಾಡಲು ಒಂದು ಜಾಗ, ಕಸ ಹಾಕಲು ಒಂದು ಜಾಗ ಸಿಗುತ್ತದೆ. ಗಾಡಿ ನಿಲ್ಲಿಸುವಲ್ಲಿ ಕರೆಂಟಿಲ್ಲ, ನಲ್ಲಿಯಿಲ್ಲ. ಹೀಗೆ ಯಾವ ಸಂಪರ್ಕವೂ ಇಲ್ಲದೆ ಇರುವುದಕ್ಕೆ ಅವರ ಮಾತು 'ಬೂನ್‌ಡಾಕಿಂಗ್'. ಇದರ ಬೇರು ಫಿಲಿಪ್ಪೀನ್ಸಿನ ಟಗಲಾಗ್ ಭಾಷೆಯ 'ಬುಂಡೊಕ್', ಬೆಟ್ಟ ಅಂತ ಅರ್ಥ. ಅಲ್ಲಿಗೆ ಹೋಗಿದ್ದ ಅಮೆರಿಕದ ಸೈನಿಕರು ಮನೆಗೆ ತಂದ ಪದ.

ಅಲ್ಲಿನ ಬದುಕು ನಡೆಯುವುದು ನೀರಿನ ಲೆಕ್ಕದಲ್ಲಿ. ಅಜ್ಜನ ಗಾಡಿಯಲ್ಲಿ ಮೂರು ತೊಟ್ಟಿಗಳು. ಒಂದರಲ್ಲಿ ಒಳ್ಳೆಯ ನೀರು, ಸುಮಾರು 150 ಲೀಟರ್. ಇನ್ನೊಂದರಲ್ಲಿ ಬಚ್ಚಲ ನೀರು, ಮೂರನೆಯದರಲ್ಲಿ ಪಾಯಿಖಾನೆಯದು. ಮೊದಲನೆಯದು ಬರಿದಾಗಬಾರದು, ಉಳಿದೆರಡು ತುಂಬಬಾರದು. ಅಜ್ಜಿ ತಟ್ಟೆಯನ್ನು ಮೊದಲು ಕಾಗದದಿಂದ ಒರೆಸಿ, ಆಮೇಲೆ ಒಂದು ಲೋಟ ನೀರಿನಲ್ಲಿ ತೊಳೆಯುತ್ತಿದ್ದರು. ನಲ್ಲಿಯಲ್ಲಿ ಬಿಸಿ ನೀರು ಬರುವವರೆಗೆ ಹರಿಯುವ ತಣ್ಣೀರನ್ನೂ ಪಾತ್ರೆಗೆ ಹಿಡಿದಿಡುತ್ತಿದ್ದರು. ದೂರದಿಂದ ಕೊಡ ಹೊತ್ತು ತಂದ ನಮ್ಮವ್ವ ಚಿಕ್ಕಂದಿನಲ್ಲಿ ನಮಗೆ ಕಲಿಸಿದ್ದೂ ಇದೇ. ನನಗೆ ಅಲ್ಲಿ ಹೊಸದು ಕಲಿಯಬೇಕಾಗಲಿಲ್ಲ, ಮರೆತದ್ದನ್ನು ನೆನಪು ಮಾಡಿಕೊಳ್ಳಬೇಕಾಯಿತು. ಕರೆಂಟು ಸೂರ್ಯನದ್ದು. ಗಾಡಿಯ ಮೇಲಿನ ಫಲಕಗಳ ಮೇಲೆ ಧೂಳು ಕೂತಿದೆಯಾ ಅಂತ ಅಜ್ಜ ದಿನಾ ಬೆಳಿಗ್ಗೆ ಏಣಿ ಹತ್ತಿ ನೋಡುತ್ತಿದ್ದರು. ಅವರಿಗೆ ಎಪ್ಪತ್ತೆಂಟು ವರ್ಷ.

ಸಂಜೆ ನಾಲ್ಕಾದರೆ ಕುರ್ಚಿಗಳು ಹೊರಗೆ ಬರುತ್ತವೆ. ಅಕ್ಕಪಕ್ಕದ ಏಳೆಂಟು ಗಾಡಿಯವರು ಸುತ್ತು ಹಾಕಿ ಕೂರುತ್ತಾರೆ. ಕೆನಡಾದ ಸಸ್ಕಾಚೆವಾನಿನ ರೈತರು, ಅಮೆರಿಕದ ಮಿನೆಸೋಟಾದ ನಿವೃತ್ತ ನರ್ಸ್, ಮೊಂಟಾನಾದ ಬಸ್ ಡ್ರೈವರ್. ಊರಲ್ಲಿ ಇವರು ಒಬ್ಬರಿಗೊಬ್ಬರು ಗೊತ್ತೇ ಇಲ್ಲ. ಇಲ್ಲಿ ಹನ್ನೆರಡು ವರ್ಷದಿಂದ ನೆರೆಹೊರೆ. ಎಲ್ಲರೂ ಒಂದೊಂದು ಅಡುಗೆ ತಂದು ಹಂಚಿಕೊಳ್ಳುವ ದಿನ ನನ್ನ ಹೆಂಡತಿ ಚಿತ್ರಾನ್ನ ಮಾಡಿದಳು. ನಿಂಬೆಹಣ್ಣು ಅಲ್ಲಿಯದೇ, ದಕ್ಷಿಣಕ್ಕಿರುವ ಯೂಮಾ ಊರಿನ ಕಡೆ ಬೆಳೆದದ್ದು. ಕಡಲೆಬೇಳೆ ಹಲ್ಲಿಗೆ ಸಿಕ್ಕಾಗ ನರ್ಸಮ್ಮ "ಇದೇನು ಬೀಜ?" ಅಂತ ಕೇಳಿ, ಎರಡನೇ ಸಲ ಹಾಕಿಸಿಕೊಂಡರು.

ಆ ಸುತ್ತಿನಲ್ಲಿ ಒಂದು ಕುರ್ಚಿ ಖಾಲಿ ಇತ್ತು. ಪ್ರತಿ ನವೆಂಬರಿನಲ್ಲಿ ಬಂದಿಳಿದ ಕೂಡಲೇ ಇವರು ಮೊದಲು ಕೇಳುವ ಪ್ರಶ್ನೆ "ಈ ಸಲ ಯಾರು ಬಂದಿಲ್ಲ?" ಅಂತಂತೆ. ವಯಸ್ಸಾದವರ ಓಣಿ ಅದು. ಬಾರದಿರುವುದಕ್ಕೆ ಕಾರಣ ಸಾಮಾನ್ಯವಾಗಿ ಒಂದೇ ಇರುತ್ತದೆ. ಹೋದ ವರ್ಷ ತೀರಿಕೊಂಡ ಒಬ್ಬ ಗೆಳೆಯನ ಕುರ್ಚಿಯನ್ನು ಆತನ ಹೆಂಡತಿ ಇವರಿಗೆ ಕಳಿಸಿಕೊಟ್ಟಿದ್ದರು. ಅದನ್ನೂ ದಿನಾ ಹೊರಗೆ ತಂದು ಇಡುತ್ತಿದ್ದರು. ಅಲ್ಲಿ ಯಾರೂ ಕೂರುತ್ತಿರಲಿಲ್ಲ.

ಸ್ನೋಬರ್ಡ್ ಅನ್ನುವ ಪದದೊಳಗೆ ವಾಪಸ್ ಹೋಗುವುದೂ ಸೇರಿದೆ. ಅಲ್ಲೇ ಉಳಿದುಬಿಟ್ಟರೆ ಅವರು ಸ್ನೋಬರ್ಡ್ ಅಲ್ಲ. ಅದೇ ಬಯಲಿನಲ್ಲಿ ಬೇರೆ ಮನೆಯೇ ಇಲ್ಲದೆ ವರ್ಷವಿಡೀ ಗಾಡಿಯಲ್ಲೇ ಬದುಕುವವರೂ ಸಿಗುತ್ತಾರೆ. ಕೆಲವರು ಇಷ್ಟಪಟ್ಟು, ಕೆಲವರು ಬಾಡಿಗೆ ಕಟ್ಟಲಾಗದೆ. ಅವರನ್ನು 'ಫುಲ್‌ಟೈಮರ್' ಅನ್ನುತ್ತಾರೆ. ಕೆನಡಾದವರಿಗಂತೂ ವಾಪಸ್ ಹೋಗುವ ದಿನ ಕಾನೂನಿನ ಲೆಕ್ಕ. ಉದಾಹರಣೆಗೆ ಒಂಟಾರಿಯೋದವರು 12 ತಿಂಗಳಲ್ಲಿ 212 ದಿನಕ್ಕಿಂತ ಜಾಸ್ತಿ ಹೊರಗಿದ್ದರೆ ಪ್ರಾಂತ್ಯದ ಆರೋಗ್ಯ ಯೋಜನೆ ಕೈತಪ್ಪಬಹುದು. ಅಮೆರಿಕದ ತೆರಿಗೆ ಇಲಾಖೆಯ ಲೆಕ್ಕ ಇನ್ನೊಂದು. ಈ ವರ್ಷ ಇದ್ದ ದಿನಗಳು, ಹೋದ ವರ್ಷದ ದಿನಗಳ ಮೂರನೇ ಒಂದು ಪಾಲು, ಅದರ ಹಿಂದಿನ ವರ್ಷದ ಆರನೇ ಒಂದು ಪಾಲು, ಮೂರನ್ನೂ ಕೂಡಿಸಬೇಕು. ಮೊತ್ತ 183 ಮುಟ್ಟಿದರೆ ತೆರಿಗೆಯ ಮಟ್ಟಿಗೆ ನೀವು ಅಮೆರಿಕದ ನಿವಾಸಿ. ಪ್ರತಿ ವರ್ಷ 122 ದಿನ ಇದ್ದರೆ ಸರಿಯಾಗಿ 183 ಆಗುತ್ತದೆ, ಲೆಕ್ಕ ಹಾಕಿ ನೋಡಿ. ಅಜ್ಜ-ಅಜ್ಜಿ 150 ದಿನದ ಹತ್ತಿರ ಇರುತ್ತಾರೆ. ಅದಕ್ಕೆ "ನಮ್ಮ ನಿಜವಾದ ಮನೆ ಕೆನಡಾದಲ್ಲೇ ಇದೆ" ಅಂತ ತೋರಿಸುವ 8840 ಅನ್ನುವ ಫಾರಂ ತುಂಬಿ ಕಳಿಸುತ್ತಾರೆ. ಅಜ್ಜಿ ಗೋಡೆಯ ಕ್ಯಾಲೆಂಡರಿನಲ್ಲಿ ದಿನಾ ರಾತ್ರಿ ಒಂದು ಗೆರೆ ಎಳೆದು ಮಲಗುತ್ತಿದ್ದರು.

ನಾಲ್ಕನೇ ದಿನ ಯೂಮಾಗೆ ಹೊರಟೆವು. 130 ಕಿಲೋಮೀಟರ್ ದಕ್ಷಿಣಕ್ಕೆ. ಅಲ್ಲಿಂದ ಗಡಿ ದಾಟಿದರೆ ಮೆಕ್ಸಿಕೋದ ಲಾಸ್ ಅಲ್ಗೊಡೊನೆಸ್, ಹೆಜ್ಜೆಗೊಂದು ಹಲ್ಲಿನ ಡಾಕ್ಟರ್ ಇರುವ ಪುಟ್ಟ ಊರು. ಕೆನಡಾ, ಅಮೆರಿಕ ಎರಡಕ್ಕಿಂತಲೂ ಖರ್ಚು ಕಡಿಮೆ ಅಂತ ಸ್ನೋಬರ್ಡ್‌ಗಳು ಅಲ್ಲಿಗೆ ನಡೆದುಕೊಂಡೇ ಹೋಗಿ ಬರುತ್ತಾರೆ. ಅಜ್ಜನ ಎರಡು ಹಲ್ಲಿಗೆ ಕ್ಯಾಪ್ ಹಾಕಿಸಬೇಕಿತ್ತು.

ಯೂಮಾ ಹತ್ತಿರ ಬರುತ್ತಿದ್ದ ಹಾಗೆ ಕಲ್ಲು ಬಯಲು ಮುಗಿದು, ಇದ್ದಕ್ಕಿದ್ದ ಹಾಗೆ ಹಸಿರು. ಕೊಲರಾಡೊ ನದಿಯ ನೀರಿನಲ್ಲಿ ಬೆಳೆದ ಲೆಟಿಸ್ ಸೊಪ್ಪು. ಚಳಿಗಾಲದಲ್ಲಿ ಅಮೆರಿಕ ತಿನ್ನುವ ಸೊಪ್ಪಿನಲ್ಲಿ ಬಹುಪಾಲು ಇಲ್ಲಿಂದ ಹೋಗುತ್ತದೆ. ಹೊಲದಲ್ಲಿ ಸಾಲಾಗಿ ಜನ ಬಗ್ಗಿ ಕೊಯ್ಯುತ್ತಿದ್ದರು. ಮುಖಕ್ಕೆ ಬಟ್ಟೆ, ತಲೆಗೆ ಟೋಪಿ. ಅವರ ಜೊತೆಜೊತೆಗೇ ನಿಧಾನವಾಗಿ ಸರಿಯುವ ಯಂತ್ರ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಇದೇ ಸೊಪ್ಪು ಕ್ಯಾಲಿಫೋರ್ನಿಯಾದ ಸಲಿನಾಸ್ ಕಣಿವೆಯಲ್ಲಿ ಬೆಳೆಯುತ್ತದೆ. ನವೆಂಬರ್ ಬಂದರೆ ಬೆಳೆ ಯೂಮಾಗೆ ಬರುತ್ತದೆ, ಸೊಪ್ಪು ತೊಳೆದು ಕಟ್ಟುವ ಕಾರ್ಖಾನೆಗಳ ಯಂತ್ರಗಳೂ ಲಾರಿ ಹತ್ತಿ ಬರುತ್ತವೆ, ಕೆಲಸದವರೂ ಬರುತ್ತಾರೆ. ಗಡಿಯಾಚೆಯಿಂದ ನಸುಕಿಗೂ ಮೊದಲೇ ಎದ್ದು ದಿನಾ ಬಂದು ಹೋಗುವವರೂ ಇದ್ದಾರೆ. ಅಜ್ಜ-ಅಜ್ಜಿ ಬರುವ ತಿಂಗಳಿಗೇ ಇವರೂ ಬರುತ್ತಾರೆ, ಅವರು ಹೊರಡುವ ಹೊತ್ತಿಗೇ ಇವರೂ ಹೊರಡುತ್ತಾರೆ. ಅದೇ ಮರುಭೂಮಿ. ಆದರೆ ಇವರನ್ನು ಯಾರೂ ಸ್ನೋಬರ್ಡ್ ಅನ್ನುವುದಿಲ್ಲ.

ಆ ರಾತ್ರಿ ಊರಿಗೆ ಫೋನ್ ಮಾಡಿದೆ. ಗದಗಿನಲ್ಲಿ ಬೆಳಗಾಗಿತ್ತು. ಎಲ್ಲಿದ್ದೇವೆ, ಯಾರ ಜೊತೆ ಇದ್ದೇವೆ ಅಂತ ಅವ್ವನಿಗೆ ವಿವರಿಸಿದೆ. ಮನೆ ಬೀಗ ಹಾಕಿ ಐದು ತಿಂಗಳು ಬಯಲಿನಲ್ಲಿ ಇರುತ್ತಾರೆ ಅಂದ ಕೂಡಲೇ ಅವಳು ಕೇಳಿದ್ದು, "ಪಾಪ, ವಯಸ್ಸಾದವ್ರು, ಗುಳೆ ಹೋಗ್ಯಾರೇನು?"

ಗುಳೆ ಅಂದರೆ ಏನು ಅಂತ ಉತ್ತರ ಕರ್ನಾಟಕದವರಿಗೆ ಹೇಳಬೇಕಾಗಿಲ್ಲ. ಮಳೆ ಕೈಕೊಟ್ಟಾಗ, ಹೊಲದಲ್ಲಿ ಕೆಲಸ ಇಲ್ಲದಾಗ ಮನೆಗೆ ಬೀಗ ಹಾಕಿ ಬೆಂಗಳೂರಿಗೋ ಗೋವಾಕ್ಕೋ ಕೂಲಿಗೆ ಹೋಗುವುದು. ಮುದುಕರನ್ನು ಊರಲ್ಲೇ ಬಿಟ್ಟು, ಮಕ್ಕಳ ಶಾಲೆ ಬಿಡಿಸಿ ಕರೆದುಕೊಂಡು ಹೋಗುವುದು. ಮಳೆಗಾಲಕ್ಕೆ ವಾಪಸ್ ಬರುವುದು. ನಮ್ಮ ಓಣಿಯಲ್ಲೇ ನಾಲ್ಕು ಮನೆಗೆ ಹೀಗೆ ವರ್ಷಾ ಬೀಗ ಬೀಳುತ್ತಿತ್ತು. ಅಜ್ಜ-ಅಜ್ಜಿಯ ಪ್ರಯಾಣಕ್ಕೆ ಆ ಪದ ಹೊಂದುವುದಿಲ್ಲ, ಅವರನ್ನು ಓಡಿಸಿದ್ದು ಹಸಿವಲ್ಲ. ಆದರೆ ನೂರು ವರ್ಷದ ಹಿಂದಿನ ಸ್ನೋಬರ್ಡ್‌ಗೆ ಅದು ಸರಿಯಾಗಿ ಹೊಂದುತ್ತದೆ. ಲೆಟಿಸ್ ಕೊಯ್ಯುವವರಿಗೆ ಇವತ್ತೂ ಹೊಂದುತ್ತದೆ. ಅವ್ವನ ಪ್ರಶ್ನೆಯನ್ನು ಅಜ್ಜಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, 1930ರ ದಶಕದ ಬರಗಾಲದಲ್ಲಿ ತಮ್ಮ ಅಪ್ಪ ಸಸ್ಕಾಚೆವಾನಿನ ಹೊಲ ಬಿಟ್ಟು ಕೆಲಸ ಹುಡುಕಿ ಗೂಡ್ಸ್ ರೈಲು ಹತ್ತಿದ ಕಥೆ ಹೇಳಿದರು. "ನಿಮ್ಮ ಪದ ನಮ್ಮಪ್ಪನಿಗೆ ಸರಿ" ಅಂದರು.

ಹಾಗಾದರೆ ಕನ್ನಡದಲ್ಲಿ ಏನನ್ನಬೇಕು? ಹಿಮಪಕ್ಷಿ ಅಂದರೆ ಯಾರಿಗೂ ತಿಳಿಯುವುದಿಲ್ಲ. ವಲಸಿಗ ಅಂದರೆ ಹೋದವರು ವಾಪಸ್ ಬರುವುದು ಕಾಣುವುದಿಲ್ಲ. ನನಗೆ ಹತ್ತಿರ ಅನಿಸುವುದು 'ವಲಸೆ ಹಕ್ಕಿ'. ಮಂಗೋಲಿಯಾ, ಟಿಬೆಟ್ ಕಡೆಯಿಂದ ಪ್ರತಿ ನವೆಂಬರಿನಲ್ಲಿ ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ನೋಡಿದವರಿಗೆ ಹೋಗುವುದೂ ಬರುವುದೂ ಎರಡೂ ಆ ಪದದಲ್ಲಿ ಕಾಣುತ್ತವೆ. ಮಕ್ಕಳ ಮನೆಗೆ ಬರುವ ನಮ್ಮ ಅಪ್ಪ-ಅಮ್ಮಂದಿರೂ ಒಂದು ರೀತಿಯಲ್ಲಿ ವಲಸೆ ಹಕ್ಕಿಗಳೇ, ಅಲ್ವಾ? ದಿಕ್ಕು ಮಾತ್ರ ಉಲ್ಟಾ. ಅವ್ವ ಕ್ಯಾಲ್ಗರಿಗೆ ಬಂದಿದ್ದು ಮೇ ತಿಂಗಳಲ್ಲಿ. ಸೆಪ್ಟೆಂಬರ್ ಬರುತ್ತಿದ್ದಂತೆ "ಥಂಡಿ ಬರೂದ್ರಾಗ ನನ್ನ ಊರಿಗೆ ಕಳಿಸಿಬಿಡು" ಅಂತ ಶುರು ಮಾಡಿದ್ದಳು. ಆದರೂ ದಿನಬಳಕೆಗೆ ಸ್ನೋಬರ್ಡ್ ಅನ್ನುವುದನ್ನೇ ಹಾಗೇ ಇಟ್ಟುಕೊಳ್ಳುವುದು ಒಳ್ಳೆಯದು. ಅವರು ತಮ್ಮನ್ನು ತಾವು ಕರೆದುಕೊಳ್ಳುವುದು ಹಾಗೇ.

ಹೊರಡುವ ದಿನ ಬೆಳಿಗ್ಗೆ ಮಕ್ಕಳು ಅಜ್ಜನ ಜೊತೆ ಸೇರಿ ಗಾಡಿಯ ಸುತ್ತಲಿನ ಕಲ್ಲುಗಳನ್ನು ಸರಿಪಡಿಸಿದರು. ಬಾಗಿಲಿನಿಂದ ಬೆಂಕಿಯ ಗುಂಡಿಯವರೆಗೆ ಎರಡು ಸಾಲು ಕಲ್ಲು, ಒಂದು ಪುಟ್ಟ ದಾರಿ. ಪ್ರತಿ ಮಾರ್ಚ್ ಕೊನೆಗೆ ಅವರು ಗಾಡಿ, ಕುರ್ಚಿ, ಮೇಜು ಎಲ್ಲ ಕಟ್ಟಿಕೊಂಡು ಹೋಗುತ್ತಾರೆ. ಕಲ್ಲುಗಳು ಮಾತ್ರ ಇರುತ್ತವೆ. ಬೇಸಿಗೆಯಲ್ಲಿ ಒಮ್ಮೊಮ್ಮೆ ಜೋರು ಮಳೆ ಬಂದು ಅರ್ಧ ಕೊಚ್ಚಿಕೊಂಡು ಹೋಗುತ್ತದಂತೆ. ನವೆಂಬರಿನಲ್ಲಿ ಬಂದು ಉಳಿದರ್ಧವನ್ನು ಹುಡುಕಿ, ಅಲ್ಲೇ ಗಾಡಿ ನಿಲ್ಲಿಸುತ್ತಾರಂತೆ. ನನ್ನ ಮಗಳು ಒಂದು ಬಿಳಿ ಕಲ್ಲು ಆರಿಸಿ ಆ ಖಾಲಿ ಕುರ್ಚಿಯ ಮುಂದೆ ಇಟ್ಟಳು. ಅಜ್ಜ ಅದನ್ನು ಎತ್ತಲಿಲ್ಲ.