ರೋಮಿಯೋ–ಜೂಲಿಯೆಟ್ ಸಾಯಲೇಬೇಕಾ? ಒಂದು ಹಳೆಯ ಜಗಳದ ಹಿನ್ನೆಲೆ

ರೋಮಿಯೋ–ಜೂಲಿಯೆಟ್ ಕಥೆಯನ್ನು ಮಾಯಾಲೋಕಕ್ಕೆ ಒಯ್ದು ಹದಿಹರೆಯದವರಿಗಾಗಿ ಬರೆದ ಹೊಸ ಕಾದಂಬರಿ ಬಂದಾಗಲೆಲ್ಲ ಓದುಗರಲ್ಲಿ ಅದೇ ಜಗಳ. ಕೊನೆಯಲ್ಲಿ ಇಬ್ಬರೂ ಸಾಯಬೇಕಾ, ಬದುಕಬೇಕಾ? ಸತ್ತರೆ, ಗೊತ್ತಿದ್ದ ಕಥೆಗೆ ಇಷ್ಟು ಪುಟ ಯಾಕೆ ಅಂತ ಕೆಲವರು ಕೇಳುತ್ತಾರೆ. ಬದುಕಿದರೆ, ಹಾಗಾದ್ರೆ ಇದನ್ನು ರೋಮಿಯೋ–ಜೂಲಿಯೆಟ್ ಅಂತ ಯಾಕೆ ಕರೀಬೇಕು ಅಂತ ಇನ್ನು ಕೆಲವರು. ಇದರ ನಡುವೆ ಹುಡುಗಿಯ ವಯಸ್ಸಿನ ಪ್ರಶ್ನೆ, ಆತ್ಮಹತ್ಯೆಯ ಪ್ರಶ್ನೆ, ಮೂಲಕ್ಕೆ ನಿಷ್ಠೆಯ ಪ್ರಶ್ನೆ ಎಲ್ಲ ಸೇರಿಕೊಂಡು ಮಾತು ಪೂರ್ತಿ ಕಗ್ಗಂಟಾಗಿದೆ. ಹೊಸದಾಗಿ ಓದಲು ಬಂದವರಿಗೆ ತಲೆಬುಡ ತಿಳಿಯೋದಿಲ್ಲ. ಹಾಗಾಗಿ ಸ್ವಲ್ಪ ಹಿಂದಿನಿಂದ ನೋಡಬೇಕು. ಷೇಕ್ಸ್‌ಪಿಯರ್ ನಾಟಕದಲ್ಲಿ ಶತ್ರು ಮನೆಗಳ ಹುಡುಗ ಹುಡುಗಿ ಗುಟ್ಟಾಗಿ ಮದುವೆಯಾಗುತ್ತಾರೆ; ಮದ್ದು ಕುಡಿದು ಸತ್ತಂತೆ ಮಲಗಿದ ಜೂಲಿಯೆಟ್ ನಿಜವಾಗಿ ಸತ್ತಳೆಂದು ತಿಳಿದು ರೋಮಿಯೋ ವಿಷ ಕುಡಿಯುತ್ತಾನೆ, ಆಮೇಲೆ ಎದ್ದ ಅವಳೂ ಪ್ರಾಣ ಕಳೆದುಕೊಳ್ಳುತ್ತಾಳೆ.

ಷೇಕ್ಸ್‌ಪಿಯರ್ ಬರೆದದ್ದೇ ಒಂದು ಮರುಕಥನ. ಬೇರೆ ಬೇರೆ ಮನೆಯ ಇಬ್ಬರು ಪ್ರೀತಿಸಿ, ಒಬ್ಬರು ಸತ್ತರೆಂದು ತಪ್ಪಾಗಿ ತಿಳಿದು ಇನ್ನೊಬ್ಬರು ಪ್ರಾಣ ಕಳೆದುಕೊಳ್ಳುವ ಕಥೆ ರೋಮನ್ ಕವಿ ಓವಿಡ್‌ನಲ್ಲೇ ಇದೆ. 1476ರಲ್ಲಿ ಅಚ್ಚಾದ ಪುಸ್ತಕದಲ್ಲಿ ಇಟಲಿಯ ಕಥೆಗಾರ ಮಸೂಚ್ಚೊ ಸಲೆರ್ನಿಟಾನೊ ಅಂಥದೇ ಕಥೆಯನ್ನು ಸಿಯೆನಾ ಊರಿನಲ್ಲಿ ನಡೆಸಿದ. 1530ರ ಹೊತ್ತಿಗೆ ಲುಯಿಜಿ ದಾ ಪೋರ್ತೊ ಅದನ್ನು ವೆರೋನಾಕ್ಕೆ ತಂದು, ಪ್ರೇಮಿಗಳಿಗೆ ನಾವು ಇವತ್ತು ಕರೆಯುವ ಹೆಸರುಗಳನ್ನೇ ಇಟ್ಟ. 1554ರಲ್ಲಿ ಬಂದೆಲ್ಲೊ, ಆಮೇಲೆ ಫ್ರೆಂಚ್ ಅನುವಾದ, 1562ರಲ್ಲಿ ಆರ್ಥರ್ ಬ್ರೂಕ್‌ನ ಇಂಗ್ಲಿಷ್ ಕಾವ್ಯ, 1595ರ ಆಸುಪಾಸಿನಲ್ಲಿ ಷೇಕ್ಸ್‌ಪಿಯರ್ ನಾಟಕ. ಪ್ರತಿಯೊಬ್ಬರೂ ಏನಾದರೂ ಬದಲಿಸಿದವರೇ. ಬ್ರೂಕ್‌ನಲ್ಲಿ ತಿಂಗಳುಗಟ್ಟಲೆ ನಡೆಯುವ ಕಥೆಯನ್ನು ಷೇಕ್ಸ್‌ಪಿಯರ್ ನಾಲ್ಕೈದು ದಿನಕ್ಕೆ ಇಳಿಸಿದ. ಬಂದೆಲ್ಲೊನ ಜೂಲಿಯೆಟ್‌ಗೆ ಹದಿನೆಂಟು, ಬ್ರೂಕ್‌ನಲ್ಲಿ ಹದಿನಾರು, ಷೇಕ್ಸ್‌ಪಿಯರ್‌ನಲ್ಲಿ ಇನ್ನೂ ಹದಿನಾಲ್ಕು ತುಂಬಿಲ್ಲ.

ಕೊನೆಯನ್ನಂತೂ ಎಲ್ಲರೂ ಮುಟ್ಟಿದ್ದಾರೆ. 1660ರ ದಶಕದ ಲಂಡನ್‌ನಲ್ಲಿ ನಾಟಕಕಾರ ಜೇಮ್ಸ್ ಹೊವಾರ್ಡ್ ಇಬ್ಬರನ್ನೂ ಬದುಕಿಸಿದ. ಆಗ ಕೆಲವು ದಿನ ಆ ನಾಟಕ ಒಂದು ದಿನ ದುರಂತ, ಮರುದಿನ ಸುಖಾಂತ ಅಂತ ಸರದಿಯಲ್ಲಿ ನಡೆಯಿತು ಎಂದು ರಂಗಭೂಮಿಯವನಾದ ಜಾನ್ ಡೌನ್ಸ್ ಬರೆದಿಟ್ಟಿದ್ದಾನೆ. 1748ರಲ್ಲಿ ಇಂಗ್ಲಿಷ್ ನಟ ಡೇವಿಡ್ ಗ್ಯಾರಿಕ್ ರೋಮಿಯೋ ಸಾಯುವ ಮೊದಲೇ ಜೂಲಿಯೆಟ್ ಏಳುವಂತೆ ಮಾಡಿ, ಸಮಾಧಿಯೊಳಗೆ ಇಬ್ಬರಿಗೂ ಒಂದು ಕೊನೆಯ ಮಾತುಕತೆ ಕೊಟ್ಟ. ಹುಡುಗಿಯ ವಯಸ್ಸನ್ನೂ ಹದಿನೆಂಟರ ಹತ್ತಿರಕ್ಕೆ ಏರಿಸಿದ. ಈ ಮಾತುಕತೆ ಅವನ ಹೊಸ ಕಲ್ಪನೆಯೇನಲ್ಲ. ದಾ ಪೋರ್ತೊ, ಬಂದೆಲ್ಲೊ ಇಬ್ಬರಲ್ಲೂ ಅವಳು ಹಾಗೆ ಸಮಯಕ್ಕೆ ಸರಿಯಾಗಿ ಏಳುತ್ತಾಳೆ. ಗ್ಯಾರಿಕ್ ತಿದ್ದಿದ ನಾಟಕ ಎಷ್ಟು ಹಿಡಿಸಿತು ಅಂದರೆ ಸುಮಾರು ನೂರು ವರ್ಷ ಇಂಗ್ಲಿಷ್ ರಂಗದಲ್ಲಿ ಜನ ನೋಡಿದ್ದು ಅದನ್ನೇ. 1845ರಲ್ಲಿ ಅಮೆರಿಕದ ನಟಿ ಶಾರ್ಲೆಟ್ ಕುಶ್ಮನ್ ತಾನೇ ರೋಮಿಯೋ ಆಗಿ, ತಂಗಿಯನ್ನು ಜೂಲಿಯೆಟ್ ಮಾಡಿ ಆಡಿದಾಗ ಷೇಕ್ಸ್‌ಪಿಯರ್ ಬರೆದ ಮೂಲ ನಾಟಕ ವಾಪಸ್ ಬಂತು. 1935ರಲ್ಲಿ ರಷ್ಯಾದ ಸಂಗೀತಗಾರ ಪ್ರೊಕೋಫಿಯೆವ್ ತನ್ನ ಬ್ಯಾಲೆಗೆ ಮೊದಲು ಬರೆದದ್ದು ಸುಖಾಂತ, ಬದುಕಿರುವವರು ಕುಣಿಯಬಹುದು, ಸಾಯುತ್ತಿರುವವರು ಕುಣಿಯಲು ಆಗೋದಿಲ್ಲ ಅನ್ನೋದು ಅವನು ಕೊಟ್ಟ ಕಾರಣ. ಆದರೆ 1938ರಲ್ಲಿ ಚೆಕೊಸ್ಲೊವಾಕಿಯಾದ ಬ್ರ್ನೋ ಊರಿನಲ್ಲಿ ಅದು ಮೊದಲ ಸಲ ರಂಗಕ್ಕೆ ಬರುವಾಗ ಸಾವೇ ಉಳಿದಿತ್ತು. 1957ರ ಬ್ರಾಡ್‌ವೇ ಸಂಗೀತ ನಾಟಕ 'ವೆಸ್ಟ್ ಸೈಡ್ ಸ್ಟೋರಿ'ಯಲ್ಲಿ ಹುಡುಗ ಸಾಯುತ್ತಾನೆ, ಹುಡುಗಿ ಉಳಿಯುತ್ತಾಳೆ.

ಅಂದರೆ ಕೊನೆ ಬದಲಿಸೋದು ಇವತ್ತಿನ ಫ್ಯಾಂಟಸಿ ಲೇಖಕರು ಶುರು ಮಾಡಿದ ಚಾಳಿ ಅಲ್ಲ. ಆದರೂ ಇವತ್ತಿನ ಪುಸ್ತಕಗಳನ್ನು ಓದುವಾಗ ಏನೋ ಬೇರೆಯಾಗಿದೆ ಅನ್ನಿಸುತ್ತದೆ, ಮತ್ತು ಆ ಅನಿಸಿಕೆ ಸುಳ್ಳಲ್ಲ. ಅದು ಎಲ್ಲಿದೆ ಅನ್ನೋದನ್ನು ಕೊನೆಯ ಪುಟದಲ್ಲಿ ಹುಡುಕಿದರೆ ಸಿಗೋದಿಲ್ಲ, ಮೊದಲ ಪುಟದಲ್ಲಿ ಹುಡುಕಬೇಕು.

ಮೊದಲು ಫ್ಯಾಂಟಸಿ ಇಷ್ಟು ಸುಲಭವಾಗಿ ಯಾಕೆ ಹೊಂದಿಕೊಂಡಿತು ಅಂತ ನೋಡಿ. ನಾಟಕದಲ್ಲೇ ಅದರ ಬೀಜ ಇದೆ. ಕುಡಿದರೆ 42 ಗಂಟೆ ಸತ್ತಂತೆ ಮಲಗಿಸುವ ದ್ರವ. ಮುಂದಾಗುವುದನ್ನು ತೋರಿಸುವ ಕನಸು. ಕನಸು ತರುವ ಮ್ಯಾಬ್ ರಾಣಿಯ ಬಗ್ಗೆ ರೋಮಿಯೋನ ಗೆಳೆಯ ಮರ್ಕ್ಯುಶಿಯೋನ ಉದ್ದನೆಯ ಮಾತು. ಸಾಯುವಾಗ ಅವನೇ ಎರಡೂ ಮನೆಗಳಿಗೆ ಹಾಕುವ ಶಾಪ. ಇಷ್ಟಿದ್ದ ಮೇಲೆ ಮಾಟ, ಮಂತ್ರ, ರಾಕ್ಷಸರನ್ನು ತರೋದು ದೊಡ್ಡ ಜಿಗಿತವೇನಲ್ಲ. ಇನ್ನೊಂದು ಕಾರಣ ತುಂಬ ಸರಳ. ಅಮೆರಿಕದ ಅನೇಕ ಶಾಲೆಗಳಲ್ಲಿ ಒಂಬತ್ತನೇ ತರಗತಿಯವರು ಈ ನಾಟಕ ಓದುತ್ತಾರೆ, ಹಾಗಾಗಿ ಓದುಗರಿಗೆ ಕಥೆ ಗೊತ್ತೇ ಇರುತ್ತದೆ. ಕೃತಿಗೆ ಹಕ್ಕುಸ್ವಾಮ್ಯವೂ ಇಲ್ಲ. ಹದಿಹರೆಯದವರ ಫ್ಯಾಂಟಸಿ 2000ದ ನಂತರ ದೊಡ್ಡ ಮಾರುಕಟ್ಟೆಯಾದಾಗ ಈ ಕಥೆ ಎಲ್ಲರ ಕೈಗೆಟಕುವಲ್ಲೇ ಇತ್ತು.

ಈಗ ಆ ಮೊದಲ ಪುಟಕ್ಕೆ ಬರೋಣ. ಷೇಕ್ಸ್‌ಪಿಯರ್ ನಾಟಕದಲ್ಲಿ ಮಾಂಟೆಗ್ಯೂ, ಕ್ಯಾಪುಲೆಟ್ ಮನೆಗಳು ಯಾಕೆ ಜಗಳವಾಡುತ್ತಿವೆ ಅಂತ ಎಲ್ಲೂ ಹೇಳೋದಿಲ್ಲ. ಹಳೆಯ ದ್ವೇಷ, ಅಷ್ಟೇ. ಅಂತಸ್ತಿನಲ್ಲಿ ಎರಡೂ ಸಮ. ಯಾರು ಶುರು ಮಾಡಿದರು, ಯಾರದು ನ್ಯಾಯ, ಒಂದೂ ಗೊತ್ತಿಲ್ಲ. ಗೊತ್ತಿಲ್ಲದ ಕಾರಣಕ್ಕೇ ಅದನ್ನು ನಿಲ್ಲಿಸೋದೂ ಯಾರಿಗೂ ಆಗೋದಿಲ್ಲ. ಕಾರಣವಿದ್ದರೆ ಅದನ್ನು ಬಗೆಹರಿಸಬಹುದಿತ್ತು ಅಲ್ವಾ? ಆ ಮನೆಗಳ ಆಳುಗಳೂ ಬೀದಿಯಲ್ಲಿ ಕತ್ತಿ ಹಿರಿಯುತ್ತಾರೆ, ಯಾಕೆ ಅಂತ ಕೇಳಿದರೆ ಯಜಮಾನರ ಹೆಸರು ಬಿಟ್ಟು ಬೇರೇನೂ ಹೇಳಲಾರರು. ಈ ನಾಟಕದ ಭಯ ಇರೋದೇ ಅಲ್ಲಿ.

ಫ್ಯಾಂಟಸಿ ಈ ಖಾಲಿ ಜಾಗವನ್ನು ಹಾಗೇ ಬಿಡೋದಿಲ್ಲ. ಲೋಕ ಕಟ್ಟುವುದೇ ಅದರ ಕಸುಬು. ಎರಡು ಮನೆ ಅಂದ ಕೂಡಲೇ ಎರಡು ಬಗೆಯ ಮಾಟ, ಎರಡು ರಕ್ತ, ಮುರಿದ ಒಪ್ಪಂದ, ಕದ್ದ ಶಕ್ತಿ ಅಂತ ಒಂದು ಇತಿಹಾಸ ಹುಟ್ಟುತ್ತದೆ. ಕಾರಣ ಬಂದ ಮೇಲೆ ತಪ್ಪು ಮಾಡಿದವರು ಬೇಕು. ತಪ್ಪು ಮಾಡಿದವರು ಸಿಕ್ಕ ಮೇಲೆ ಅವರನ್ನು ಸೋಲಿಸಬಹುದು. ಅವರನ್ನು ಸೋಲಿಸಿದ ಮೇಲೆ ಹುಡುಗ ಹುಡುಗಿ ಸಾಯೋದಕ್ಕೆ ಏನು ಉಳಿಯಿತು? ಹೀಗೆ ಮೊದಲ ಅಧ್ಯಾಯದಲ್ಲಿ ಹೇಳಿದ ಒಂದು ಕಾರಣ ಕೊನೆಯ ಅಧ್ಯಾಯವನ್ನು ತಾನೇ ಬರೆದುಬಿಡುತ್ತದೆ. ಆಮೇಲೂ ಲೇಖಕರು ಇಬ್ಬರನ್ನು ಸಾಯಿಸಿದರೆ ಅದು ಸುಮ್ನೆ ಹಚ್ಚಿದ ಹಾಗೆ ಕಾಣುತ್ತದೆ, ಬದುಕಿಸಿದರೆ ಮೊದಲಿಂದಲೂ ದುರಂತವೇ ಇರಲಿಲ್ಲ ಅನ್ನಿಸುತ್ತದೆ. ಓದುಗರು ಜಗಳವಾಡೋದು ಫಲದ ಬಗ್ಗೆ, ಬೇರು ಅವರ ಕಣ್ಣಿಗೆ ಬೀಳೋದಿಲ್ಲ.

ಕೆಲವರು ಇದನ್ನು ಚೆನ್ನಾಗಿಯೇ ದಾಟಿದ್ದಾರೆ. ಮೆಲೊರಿ ಬ್ಲಾಕ್‌ಮನ್ 2001ರ 'ನಾಟ್ಸ್ ಅಂಡ್ ಕ್ರಾಸಸ್'ನಲ್ಲಿ ಮಾಟವಿಲ್ಲದ, ಆದರೆ ತಿರುವುಮುರುವಾದ ಲೋಕವೊಂದನ್ನು ಕಟ್ಟಿದರು. ಅಲ್ಲಿ ಕಪ್ಪು ಬಣ್ಣದವರದು ಅಧಿಕಾರ, ಬಿಳಿಯರು ಕೆಳಗಿನವರು. ಅಲ್ಲಿ ದ್ವೇಷಕ್ಕೆ ಕಾರಣವಿದೆ, ಆದರೆ ಆ ಕಾರಣ ಒಬ್ಬ ಖಳನ ಮೈಯಲ್ಲಿಲ್ಲ, ಶಾಲೆ, ಪೊಲೀಸ್, ನ್ಯಾಯಾಲಯ ಎಲ್ಲದರಲ್ಲಿ ಇದೆ. ಒಬ್ಬರನ್ನು ಕೊಂದರೆ ಮುಗಿಯೋದಲ್ಲ. ಹಾಗಾಗಿ ಹುಡುಗನನ್ನು ಗಲ್ಲಿಗೇರಿಸುವಾಗ ಇದನ್ನು ತಪ್ಪಿಸಬಹುದಿತ್ತು ಅಂತ ಸುಲಭವಾಗಿ ಹೇಳಲು ಬರೋದಿಲ್ಲ. 2010ರ 'ವಾರ್ಮ್ ಬಾಡೀಸ್'ನಲ್ಲಿ ಹುಡುಗ ಮೊದಲೇ ಸತ್ತ ಜೊಂಬಿ, ಹೆಸರು ಆರ್ ಅಂತ ಮಾತ್ರ. ಸಾವಿನಿಂದ ಶುರುವಾದ ಕಥೆ ಬದುಕಿನ ಕಡೆ ನಡೆದರೆ ಯಾರಿಗೂ ಮೋಸ ಅನ್ನಿಸೋದಿಲ್ಲ. ರೇಚಲ್ ಕೇನ್ 2014ರ 'ಪ್ರಿನ್ಸ್ ಆಫ್ ಶ್ಯಾಡೋಸ್'ನಲ್ಲಿ ಮರ್ಕ್ಯುಶಿಯೋನ ಶಾಪವನ್ನೇ ನಿಜವಾದ ಶಾಪ ಮಾಡಿದರು. ಜಾಣತನದ ಕೆಲಸ ಅದು. ಆದರೆ ಶಾಪದ ಕೈಗೆ ಹೋದಷ್ಟೂ ಪ್ರೀತಿ ಹುಡುಗ ಹುಡುಗಿಯ ಕೈತಪ್ಪುತ್ತದೆ.

ಕ್ಲೋಯಿ ಗಾಂಗ್ ಅವರ ಎರಡು ಸಂಪುಟಗಳು, 'ದೀಸ್ ವಯಲೆಂಟ್ ಡಿಲೈಟ್ಸ್' ಮತ್ತು 'ಅವರ್ ವಯಲೆಂಟ್ ಎಂಡ್ಸ್', 2020 ಮತ್ತು 2021ರಲ್ಲಿ ಬಂದವು. ಎರಡರ ಹೆಸರೂ ನಾಟಕದಲ್ಲಿ ಪ್ರೇಮಿಗಳ ಮದುವೆ ಮಾಡಿಸುವ ಪಾದ್ರಿ ಫ್ರಯರ್ ಲಾರೆನ್ಸ್‌ನ ಒಂದೇ ಸಾಲಿನಿಂದ ಬಂದದ್ದು. ಕಥೆ ನಡೆಯೋದು 1926ರ ಶಾಂಘೈನಲ್ಲಿ. ಎರಡು ಮನೆಗಳು ಎರಡು ರೌಡಿ ಗುಂಪುಗಳಾಗಿವೆ, ನದಿಯಿಂದ ಬಂದ ಒಂದು ಪೆಡಂಭೂತ ಹರಡುವ ಹುಚ್ಚಿಗೆ ಎರಡೂ ಕಡೆಯವರು ಬಲಿಯಾಗುತ್ತಾರೆ. ಆ ಊರನ್ನು ಫ್ರೆಂಚರು, ಬ್ರಿಟಿಷರು ಹಂಚಿಕೊಂಡು ಕೂತಿದ್ದ ಕಾಲ ಅದು. ಇಬ್ಬರು ತಮ್ಮತಮ್ಮಲ್ಲಿ ಕಾದಾಡುತ್ತಿರುವಾಗ ಊರೇ ಬೇರೆಯವರ ಪಾಲಾಗುತ್ತಿದೆ. ಫ್ಯಾಂಟಸಿ ಇಲ್ಲಿ ದ್ವೇಷವನ್ನು ವಿವರಿಸಲು ಬಂದಿಲ್ಲ, ಅದು ಎಷ್ಟು ದಂಡ ಅನ್ನೋದನ್ನು ತೋರಿಸಲು ಬಂದಿದೆ.

ಆ ಪುಸ್ತಕದಲ್ಲಿ ಇನ್ನೊಂದು ಹೊಸ ಅಭ್ಯಾಸವೂ ಕಾಣುತ್ತದೆ. ರೋಮಾ, ಜೂಲಿಯೆಟ್ ಕಥೆಗೆ ಮೊದಲೇ ಪ್ರೀತಿಸಿ, ಮೋಸವಾಗಿ, ದೂರವಾದವರು. ನೋಡಿದ ಕೂಡಲೇ ಪ್ರೀತಿ ಅಂದರೆ ಇವತ್ತಿನ ಓದುಗರು ಒಪ್ಪೋದಿಲ್ಲ. ವಯಸ್ಸು ಹದಿನೆಂಟರ ಸುತ್ತ ಹೋಗಿದೆ, ನಾಲ್ಕು ದಿನ ಎರಡು ಸಂಪುಟವಾಗಿದೆ. ಇದರಲ್ಲಿ ಒಳ್ಳೆಯದು ಜಾಸ್ತಿ. ಹದಿಮೂರರ ಹುಡುಗಿಯ ಸಾವನ್ನು ಪ್ರೀತಿಯ ಗೆಲುವು ಅಂತ ಓದಿಸೋದು ಯಾರಿಗೂ ಬೇಡ, ಆತ್ಮಹತ್ಯೆಯನ್ನು ಚಂದ ಮಾಡಿ ಬರೆಯಬಾರದು ಅನ್ನೋ ಶಿಕ್ಷಕರ, ಪೋಷಕರ ಮಾತಿಗೆ ಬೆಲೆ ಕೊಡಲೇಬೇಕು. ಆದರೆ ಅವಸರ ಹೋದ ಮೇಲೆ ಮುಟ್ಟದೇ ಹೋದ ಪತ್ರಕ್ಕೂ ಅರ್ಥ ಉಳಿಯೋದಿಲ್ಲ. ನಾಟಕದಲ್ಲಿ ಜೂಲಿಯೆಟ್ ನಿಜವಾಗಿ ಸತ್ತಿಲ್ಲ ಅಂತ ರೋಮಿಯೋಗೆ ತಿಳಿಸುವ ಪತ್ರ ಒಯ್ಯಬೇಕಾದ ಫ್ರಯರ್ ಜಾನ್‌ನನ್ನು ಪ್ಲೇಗ್ ಭಯದಿಂದ ಮನೆಯೊಳಗೆ ಕೂಡಿಹಾಕುತ್ತಾರೆ, ಪತ್ರ ರೋಮಿಯೋ ಇರುವ ಮಾಂಟುವಾ ಮುಟ್ಟೋದಿಲ್ಲ, ಅಷ್ಟಕ್ಕೇ ಎಲ್ಲ ಮುಗಿಯುತ್ತದೆ. ಕನ್ನಡಿಯಲ್ಲಿ ಮಾತಾಡಬಲ್ಲ ಮಂತ್ರವಾದಿಗಳ ಲೋಕದಲ್ಲಿ ಆ ಪತ್ರ ಯಾಕೆ ತಪ್ಪಬೇಕು ಅನ್ನೋ ಪ್ರಶ್ನೆಗೆ ಉತ್ತರ ಕೊಡದೆ ಮುಂದೆ ಹೋಗುವ ಪುಸ್ತಕಗಳು ಕೊನೆಯಲ್ಲಿ ಒದ್ದಾಡುತ್ತವೆ.

ಈಚೆಗೆ ಕಥೆ ಅಂಚಿನವರ ಕಡೆಗೂ ಹೊರಳಿದೆ. 2023ರ 'ಟೀಚ್ ದ ಟಾರ್ಚಸ್ ಟು ಬರ್ನ್'ನಲ್ಲಿ ರೋಮಿಯೋ ಪ್ರೀತಿಸೋದು ಮರ್ಕ್ಯುಶಿಯೋನ ತಮ್ಮನನ್ನು. ನಾಟಕದಲ್ಲಿ ಆ ಹುಡುಗನ ಹೆಸರು ಬರೋದು ಔತಣದ ಪಟ್ಟಿಯಲ್ಲಿ ಮಾತ್ರ. ಅದಕ್ಕೂ ಹಿಂದೆ, 2013ರಲ್ಲಿ, ಮೆಲಿಂಡಾ ಟಾಬ್ ತಮ್ಮ 'ಸ್ಟಿಲ್ ಸ್ಟಾರ್-ಕ್ರಾಸ್ಡ್' ಶುರು ಮಾಡಿದ್ದು ಇಬ್ಬರೂ ಸತ್ತ ಮೇಲೆ. ಮಕ್ಕಳನ್ನು ಕಳೆದುಕೊಂಡ ಮನೆಗಳು ಅಲ್ಲಿ ಮತ್ತೆ ಕಾದಾಟಕ್ಕೆ ಇಳಿಯುತ್ತವೆ, ಶಾಂತಿ ತರಲು ಕ್ಯಾಪುಲೆಟ್ ಕಡೆಯ ರೊಸಲಿನ್, ಮಾಂಟೆಗ್ಯೂ ಕಡೆಯ ಬೆನ್ವೋಲಿಯೊ ಮದುವೆಯಾಗಬೇಕು ಅಂತ ರಾಜಕುಮಾರ ಆಜ್ಞೆ ಮಾಡುತ್ತಾನೆ. ರೋಮಿಯೋ–ಜೂಲಿಯೆಟ್ ಸಾಯಬೇಕಾ ಬದುಕಬೇಕಾ ಅಂತ ವಾದ ಮಾಡುವವರು ಆ ಪುಸ್ತಕದ ಮೊದಲ ಕೆಲವು ಅಧ್ಯಾಯಗಳನ್ನಾದರೂ ಓದಬೇಕು. ಸಾವು ಆಗಿಹೋಗಿದೆ, ದ್ವೇಷ ಮಾತ್ರ ಬೀದಿಯಲ್ಲೇ ಇದೆ.