ನೀರು ಬತ್ತಿದ್ರೆ ಅವಸರ, ಕಸ ಕುಸಿದ್ರೆ?

ಮಂಗಳೂರಿನ ಕೈಗಾರಿಕೆಗಳ ಜಾಗ ಬೈಕಂಪಾಡಿ, ಪಣಂಬೂರು ಕಡೆ ರೀಸೈಕ್ಲಿಂಗು, ಗ್ರೀನ್ ಬಿಸಿನೆಸ್ಸು ಎಲ್ಲ ಆಗುವ ಮಾತಾ ಅಂತ ಕೇಳುವವ್ರು ಒಮ್ಮೆ ಗೇರುಬೀಜದ ಫ್ಯಾಕ್ಟರಿ ನೋಡ್ಬೇಕು. ಬೀಜ ತೆಗೆದ ಮೇಲೆ ಸಿಪ್ಪೆ ಬಿಸಾಡೋದಿಲ್ಲ, ಅದ್ರಿಂದ ಎಣ್ಣೆ ತೆಗೀತಾರೆ, ಅದು ಪೈಂಟಿಗೆ, ಗಾಡಿಯ ಬ್ರೇಕ್ ಲೈನಿಂಗಿಗೆ ಹೋಗ್ತದೆ, ಉಳಿದ ಹಿಂಡಿ ಬಾಯ್ಲರ್ ಉರಿಸ್ಲಿಕ್ಕೆ. 1860ರ ದಶಕದಲ್ಲಿ ಬಾಸೆಲ್ ಮಿಷನ್‌ನವ್ರು ಶುರು ಮಾಡಿದ ಹಂಚೂ ಹಾಗೇ, ಹಳೇ ಮನೆ ಕೆಡವಿದ್ರೆ ಹಂಚು ಇಳಿಸಿ ಕೊಟ್ಟಿಗೆಗೆ ಹೊದಿಸ್ತೇವೆ.

ಲೆಕ್ಕ ತಪ್ಪಿದ್ದು ಆಮೇಲೆ. 1974ರಲ್ಲಿ ನವಮಂಗಳೂರು ಮೇಜರ್ ಪೋರ್ಟ್ ಆಯ್ತು, 1976ರಲ್ಲಿ ಎಂಸಿಎಫ್ ಅನ್ನುವ ಗೊಬ್ಬರದ ಫ್ಯಾಕ್ಟರಿ, 1996ರಲ್ಲಿ ಎಂಆರ್‌ಪಿಎಲ್ ಅನ್ನುವ ತೈಲ ರಿಫೈನರಿ. ಕೆಲಸ ಸಿಕ್ತು, ಅದನ್ನ ಇಲ್ಲ ಅನ್ಲಿಕ್ಕಾಗೋದಿಲ್ಲ. ಆದ್ರೆ ಕಚ್ಚಾಮಾಲು ಹಡಗಲ್ಲಿ ಬರ್ತದೆ, ಮಾಲು ಹೊರಗೆ ಹೋಗ್ತದೆ, ಇಲ್ಲಿ ಉಳಿಯೋದು ಹೊಗೆ, ಧೂಳು, ಕೊಳಕು ನೀರು. ರಿಫೈನರಿ ಪಕ್ಕದ ಜೋಕಟ್ಟೆಯವ್ರು ಪೆಟ್‌ಕೋಕ್, ಅಂದ್ರೆ ತೈಲ ಶುದ್ಧ ಮಾಡಿದ ಮೇಲೆ ಉಳಿಯುವ ಕಲ್ಲಿದ್ದಲಿನ ಥರದ ವಸ್ತುವಿನ ಧೂಳಿನ ವಿರುದ್ಧ ವರ್ಷಗಟ್ಟಲೆ ಹೋರಾಡಿದ್ದು ಅದಕ್ಕೇ.

2019 ನಂಗೆ ಮರೀಲಿಕ್ಕೇ ಆಗದ ವರ್ಷ. ಬೇಸಿಗೆಯಲ್ಲಿ ನೇತ್ರಾವತಿ ಬತ್ತಿ ರಿಫೈನರಿಯ ಕೆಲವು ಯೂನಿಟ್ ನಿಲ್ಲಿಸ್ಬೇಕಾಯ್ತು, ಅದೇ ಆಗಸ್ಟಿನ ಮಳೆಗೆ ಮಂಗಳೂರಿನ ಕಸ ಸುರಿಯುವ ಪಚ್ಚನಾಡಿಯ ಕಸದ ಗುಡ್ಡ ಜರಿದು ಅದ್ರ ಕೆಳಗಿನ ಮಂದಾರದ ಮನೆಗಳು, ತೆಂಗು ಅಡಿಕೆ ತೋಟ ಎಲ್ಲ ಕಸದಡಿ ಹೋಯ್ತು. ನೀರಿಗೆ ದಾರಿ ಸಿಕ್ತು. ಕಾವೂರಿನಲ್ಲಿ ಶುದ್ಧ ಮಾಡಿದ ಊರಿನ ಕೊಳಚೆ ನೀರು ರಿಫೈನರಿಗೆ ಹೋಗ್ತದೆ, ತಣ್ಣೀರುಬಾವಿಯಲ್ಲಿ ದಿನಕ್ಕೆ 3 ಕೋಟಿ ಲೀಟರ್ ಸಿಹಿನೀರು ಮಾಡುವ ಸಮುದ್ರದ ನೀರಿನ ಪ್ಲಾಂಟೂ ಬಂತು. ಕಸಕ್ಕೆ ಆ ಅವಸರ ಕಾಣ್ಲಿಲ್ಲ, ಯಾಕಂದ್ರೆ ಕಸ ಕುಸಿದ್ರೆ ಯಾವ ಯೂನಿಟ್ಟೂ ನಿಲ್ಲೋದಿಲ್ಲ, ತೋಟದವ್ನ ಬದುಕು ಮಾತ್ರ ನಿಲ್ತದೆ. ಇದು ನಂಗೆ ಇವತ್ತಿಗೂ ನೋವು.

ಕಸಕ್ಕೂ ದಾರಿ ಉಂಟು, ಕಾರ್ಕಳದ ನಿಟ್ಟೆಯಲ್ಲಿ ದಿನಕ್ಕೆ 10 ಟನ್ ಒಣಕಸ ಹಿಡಿಯುವ ಎಂಆರ್‌ಎಫ್, ಅಂದ್ರೆ ಕಸ ವಿಂಗಡಿಸುವ ಘಟಕ ನಡೀತಾ ಉಂಟು, ಸುತ್ತಲಿನ ಪಂಚಾಯತ್‌ಗಳ ಬಾಟ್ಲಿ, ರಟ್ಟು, ಹಾಲಿನ ತೊಟ್ಟೆ ಬೇರೆ ಬೇರೆ ಮಾಡಿ, ಒತ್ತಿ ದೊಡ್ಡ ಕಟ್ಟು (ಬೇಲ್) ಕಟ್ಟಿ ಮಾರ್ತಾರೆ. ಮನೆಯಲ್ಲೇ ಹಸಿ ಒಣ ಬೇರೆ ಮಾಡಿ ಕೊಟ್ರೆ ಮಾತ್ರ ಅದಕ್ಕೆ ರೇಟು, ಮೀನಿನ ನೀರು ತಾಗಿದ ರಟ್ಟು ಯಾರಿಗೂ ಬೇಡ. ಬೈಕಂಪಾಡಿಯಲ್ಲಿ ಶೆಡ್ ಉಂಟು, ಕರೆಂಟ್ ಉಂಟು, ಪಕ್ಕದಲ್ಲೇ ಬಂದರು, ರೈಲು. ಅಂಥ ಪ್ಲಾಸ್ಟಿಕ್ ಬೇಲ್‌ಗಳನ್ನ ಅಲ್ಲೇ ಕರಗಿಸಿ ಪೈಪೋ ಕುರ್ಚಿಯೋ ಮಾಡ್ತೇನೆ ಅಂತ ಬರುವ ಸಣ್ಣ ಉದ್ಯಮದವ್ರಿಗೆ ಮೊದ್ಲು ಜಾಗ ಕೊಡ್ಲಿ.